ಕಿಟಕಿಯ ಕೆಳಗಿನ ಎರಡು ಇಟ್ಟಿಗೆ

ಮಲುವಳ ರವಿಕೆಯ ಎದೆಗೆ ಸಿಕ್ಕಿಸಿದ್ದ ಸೂಜಿಯನ್ನು ಎನೆಲೇಸಿ ಮೆಲ್ಲನೆ ಎಳೆದು ತೆಗೆದಳು. ಸೂಜಿಯ ಕಣ್ಣಲ್ಲಿ ಗೇಣುದ್ದ ಬಿಳಿ ದಾರ ಹಾಗೇ ಇತ್ತು. ಹೆಣಕ್ಕೆ ಸ್ನಾನ ಮಾಡಿಸಲು ಬಂದ ಹೆಂಗಸರು ಬಾಗಿಲಿಗೆ ಬಟ್ಟೆ ಇಳಿಬಿಟ್ಟು ನೀರು ಕಾಯಿಸಿದ್ದರು. ಗಂಡಸರು ಅಂಗಳದಲ್ಲಿ ಬೆಂಕಿಯ ಸುತ್ತ ಕೂತಿದ್ದರು. ಮಲಾವಿ ಸರೋವರದ ಗಾಳಿಗೆ ಹೊಗೆಯೆಲ್ಲ ಒಳಕ್ಕೇ ಬರುತ್ತಿತ್ತು.

"ಸೂಜಿ ಎಲ್ಲೆಂದರಲ್ಲಿ ಇಡಬೇಡಿ ಮಾಯಿ," ಎಂದಳು ಎಸ್ನಾತಿ. "ಒಂದು ಸೂಜಿ ಕಳೆದರೆ ಅವಳಿಗೆ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ. ನನ್ನ ಕೈಲಿ ಇಡೀ ಮನೆ ಗುಡಿಸಿಸೋಳು."

ಎಸ್ನಾತಿ ಮಲುವಳ ಸವತಿ, ಮನೆಯ ಹಿರಿಯ ಹೆಂಡತಿ. ಸತ್ತವಳ ಕಾಲು ತೊಳೆಯುತ್ತಿದ್ದವಳೂ ಅವಳೇ.

"ನಿನ್ನೆ ಬೆಳಿಗ್ಗೆನೇ ದಾರ ಪೋಣಿಸಿ ಕೂತಿದ್ಲು," ಎಂದಳು ಮಲುವಳ ಮಗಳು ತಡಾಲ. "ಬುಧವಾರ ಅಲ್ವಾ, ಯಾರೋ ರವಿಕೆ ತರ್ತಾರೆ, ಕಾಯಿಸಬಾರದು ಅಂದ್ಲು. ನಾನು ನೀರು ತಂದು ನೋಡ್ತೀನಿ, ಹೊಲಿಗೆ ಮಿಷನ್ ಮೇಲೆ ತಲೆ ಇಟ್ಟಿದ್ದಾಳೆ. ನಿದ್ದೆ ಅಂದ್ಕೊಂಡೆ."

ಎನೆಲೇಸಿ ಸೂಜಿಯನ್ನು ತನ್ನ ಎದೆಯ ಬಟ್ಟೆಗೆ ಸಿಕ್ಕಿಸಿಕೊಂಡಳು. ಯಾರು ಬರಬೇಕಿತ್ತೆಂದು ಅವಳು ಹೇಳಲಿಲ್ಲ.

ಇಳಿಬಿಟ್ಟ ಬಟ್ಟೆಯಾಚೆ ಯಾರೋ ಕೆಮ್ಮಿದರು. ಚರ್ಚಿನ ಹಿರಿಯ ಚಿಪೇತ.

"ಮಾಯಿ ಎನೆಲೇಸಿ, ಒಂದು ಮಾತು. ಪೆಟ್ಟಿಗೆ ಚರ್ಚಿನೊಳಗೆ ತರೋ ಹಾಗಿಲ್ಲ. ಗಂಟೆ ಹೊಡೆಯೋ ಹಾಗಿಲ್ಲ. ಪಾದ್ರಿಗಳು ಹೊಸಬರು, ಕೇಳಿದರು. ಪುಸ್ತಕ ತೆಗೆದು ತೋರಿಸಿದೆ. ಹೊರಗಿಟ್ಟವರ ಪಟ್ಟೀಲಿ ಮಲುವ ಅವರ ಹೆಸರು ಇನ್ನೂ ಇದೆ. ಸಂಘದ ಹೆಂಗಸರು ಬಿಳಿ ರವಿಕೆ ಹಾಕ್ಕೊಂಡು ಬರೋದೂ ಬೇಡ. ನೀವು ಸಂಘದ ಅಧ್ಯಕ್ಷರು, ನೀವೇ ಹೇಳಿಬಿಡಿ."

ತಡಾಲ ಎದ್ದು ನಿಂತಳು. "ನಮ್ಮವ್ವ ಹೊಲಿದ ಬಟ್ಟೆ ನಮ್ಮವ್ವನ ಮಣ್ಣಿಗೆ ಹಾಕ್ಕೊಂಡು ಬರೋ ಹಾಗಿಲ್ವಾ?"

"ನಿಯಮ ನಾನು ಮಾಡಿದ್ದಲ್ಲ ಮಗಳೆ."

"ಗಂಡನ್ನ ಹಂಚಿಕೊಂಡೋಳು ನಾನು," ಎಂದಳು ಎಸ್ನಾತಿ, ತೊಳೆಯುವುದನ್ನು ನಿಲ್ಲಿಸದೆ. "ಎರಡನೇ ವರ್ಷಕ್ಕೇ ನನ್ನ ಸಿಟ್ಟು ಇಳೀತು. ಚರ್ಚಿಗೆ ಏನಾಗಿತ್ತು ಹಿರಿಯರೆ, ಇಪ್ಪತ್ತೆರಡು ವರ್ಷ?"

ಚಿಪೇತ ಕೆಟ್ಟ ಮನುಷ್ಯನಲ್ಲ. ಗೋರಿ ತೋಡುವವರಿಗೆ ತನ್ನ ಮನೆಯಿಂದಲೇ ಊಟ ಕಳಿಸಿದ್ದ. ಆದರೆ ಪುಸ್ತಕದಲ್ಲಿ ಬರೆದದ್ದನ್ನು ಮೀರಿ ಹೆಜ್ಜೆ ಇಟ್ಟವನೂ ಅಲ್ಲ.

"ನಾನು ಮನೆಗೆ ಹೋಗಿ ಬರ್ತೀನಿ," ಎಂದಳು ಎನೆಲೇಸಿ.

* * *

ಮಲುವಳ ಮೊದಲ ಗಂಡನನ್ನು ಸರೋವರ ನುಂಗಿತ್ತು. ಎರಡು ಮಕ್ಕಳನ್ನು ಕಟ್ಟಿಕೊಂಡು ಒಂದು ವರ್ಷ ಹೇಗೋ ದೂಡಿದಳು. ಆಮೇಲೆ ಎಸ್ನಾತಿಯ ಗಂಡನಿಗೆ ಎರಡನೆಯವಳಾಗಿ ಹೋದಳು. ಆ ಮೀನುಗಾರ ಎಂದೂ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಒಳಗೇ ಬಾರದವನನ್ನು ಹೊರಗೆ ಹಾಕುವುದು ಹೇಗೆ? ಸಿಕ್ಕಿಬಿದ್ದವಳು ಮಲುವ.

ಸಂಘದ ಸಭೆಯಲ್ಲಿ ಎದ್ದು ನಿಂತು ಅವಳ ಹೆಸರು ಹೇಳಿದವಳು ಎನೆಲೇಸಿ. ಇಬ್ಬರೂ ಒಂದೇ ಬೆಂಚಿನವರು, ಒಂದೇ ಬಾವಿಯ ನೀರು ಹೊತ್ತವರು. ಬೇರೆಯವರು ಚುಚ್ಚಿ ಹೇಳುವ ಮುಂಚೆ ತಾನೇ ಮೆತ್ತಗೆ ಹೇಳುವುದು ಮೇಲು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮುಂದಿನ ಭಾನುವಾರ ಹೆಸರನ್ನು ಎಲ್ಲರೆದುರು ಓದಿದರು. ಹಾಗೆ ಓದಿದ ಮೇಲೆ ಸಂಘದ ಬಿಳಿ ತಲೆವಸ್ತ್ರವನ್ನು ಹಿಂದಿರುಗಿಸಬೇಕು. ಮಲುವ ಅದನ್ನು ನಾಲ್ಕಾಗಿ ಮಡಚಿ ಎನೆಲೇಸಿಯ ಕೈಗೆ ಕೊಟ್ಟಳು.

"ಒಗೆದಿದ್ದೀನಿ ಕಣೇ," ಎಂದಳು. "ಇಸ್ತ್ರಿ ಮಾತ್ರ ಆಗಿಲ್ಲ."

ಅದರ ಮುಂದಿನ ಭಾನುವಾರ ಚರ್ಚಿನ ಪಕ್ಕದ, ಹಿಂದಿನ ಮೂಲೆಯ ತಗ್ಗು ಕಿಟಕಿಯ ಹೊರಗೆ ಎರಡು ಇಟ್ಟಿಗೆ ಬಂದವು, ಇಟ್ಟಿಗೆಯ ಮೇಲೆ ಮಲುವ. ಎದ್ದು ಹೋಗೆಂದು ಯಾರೂ ಹೇಳಲಿಲ್ಲ, ಒಳಗೆ ಬಾ ಎಂದೂ ಯಾರೂ ಕರೆಯಲಿಲ್ಲ. ವಾರವಿಡೀ ಮಾತ್ರ ಎಲ್ಲರಿಗೂ ಅವಳೇ ಬೇಕು. ಸಂಘದ ರವಿಕೆಗೆ ಅವಳ ಹಾಗೆ ಕಾಲರು ಕೂರಿಸುವವರು ಸುತ್ತಲ ಊರುಗಳಲ್ಲೇ ಇರಲಿಲ್ಲ. ಆರಾಧನೆ ಮುಗಿದ ಮೇಲೆ ದಾರಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿಯುತ್ತಿದ್ದಳು: ನಿನ್ನ ಬೆನ್ನಿನ ನೆರಿಗೆ ಬಿಚ್ಚಿದೆ, ನಿನ್ನ ಕಂಕುಳು ಬಿಗಿಯಾಗಿದೆ, ಕಳಿಸು.

"ದೇವರ ಮಾತು ಕೇಳೋಕೆ ಬರ್ತೀಯೋ, ನಮ್ಮ ಬೆನ್ನು ನೋಡೋಕೆ ಬರ್ತೀಯೋ?" ಎಂದು ಹೆಂಗಸರು ರೇಗಿಸುತ್ತಿದ್ದರು.

"ಎರಡೂ ಒಂದೇ ಕಡೆಯಿಂದ ಸಿಗುತ್ತಲ್ಲ," ಎಂದು ಅವಳು ನಗುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಹಳೆಯ ಪಾದ್ರಿ ಬೇರೆ ಊರಿಗೆ ಹೊರಟ ದಿನ ಎನೆಲೇಸಿಯನ್ನು ಕರೆದು ಒಂದು ಕಾಗದ ಕೊಟ್ಟಿದ್ದರು.

"ಮೇಲಿನ ಮಂಡಳಿಗೆ ಬರೆದು ಬರೆದು ಕೊನೆಗೂ ಒಪ್ಪಿಸಿದೆ ಮಾಯಿ. ಎರಡನೇ ಹೆಂಡತಿ ಅಂತ ಮಲುವಳನ್ನ ಇನ್ನು ಹೊರಗೆ ಕೂರಿಸೋ ಹಾಗಿಲ್ಲ. ನೀವೆಲ್ಲ ಹಾಡ್ತಾ ಅವಳ ಮನೆಗೆ ಹೋಗಿ, ಕರ್ಕೊಂಡು ಬಂದು, ಬಾಗಿಲಲ್ಲಿ ತಲೆವಸ್ತ್ರ ಕಟ್ಟಿ. ಅದಾದ ಮೇಲೆ ಈ ಕಾಗದ ತೋರಿಸಿದರೆ ಚಿಪೇತರು ಪುಸ್ತಕದಲ್ಲಿ ಹೆಸರು ಹೊಡೆದು ಹಾಕ್ತಾರೆ. ಹೊರಗೆ ಕಳಿಸಿದೋಳು ನೀನು, ಒಳಗೆ ಕರೆಯೋಳೂ ನೀನೇ ಆಗು."

ಎನೆಲೇಸಿ ಕಾಗದವನ್ನು ಹಾಡಿನ ಪುಸ್ತಕದಲ್ಲಿಟ್ಟಳು. ಆಗ ಮೆಕ್ಕೆಜೋಳದ ಕಟಾವು, ಮುಗಿಯಲಿ ಎಂದುಕೊಂಡಳು. ಆಮೇಲೆ ಮನೆಗೆ ಹೊಸ ಹುಲ್ಲು ಹೊದಿಸುವುದಿತ್ತು. ಮೂರು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನು ಹೇಳುವುದು ಎಂಬ ಚಿಂತೆ ಹತ್ತಿತು. ಒಂದೊಂದು ತಿಂಗಳು ಕಳೆದ ಹಾಗೂ ಆ ಮನೆಯ ದಾರಿ ಉದ್ದವಾಗುತ್ತ ಹೋಯಿತು. ಇವೆಲ್ಲದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಅವಳು ಪ್ರಾರ್ಥನೆಯಲ್ಲೂ ಬಾಯಿಬಿಟ್ಟು ಹೇಳಿದವಳಲ್ಲ: ಒಂದು ಕಾಗದದಿಂದ ಮಲುವ ಒಳಗೆ ಬರಬಹುದಾದರೆ, ತಾನು ಅಂದು ಎದ್ದು ನಿಂತದ್ದು ಯಾವ ಪುಣ್ಯಕ್ಕೆ?

ಹೋದ ಭಾನುವಾರವೂ ಮಲುವ ದಾರಿಯಲ್ಲಿ ತಡೆದಿದ್ದಳು. "ಎನೆಲೇಸಿ, ಎಡಭುಜದ ಹಿಂದಿನ ಹೊಲಿಗೆ ಬಿಟ್ಟಿದೆ. ಬುಧವಾರ ತಗೊಂಡು ಬಾ. ಇಬ್ಬರೂ ಕೂತು ಮಾತಾಡಿ ಎಷ್ಟು ದಿನ ಆಯ್ತು."

ಬುಧವಾರ ಎನೆಲೇಸಿ ಹೋಗಲಿಲ್ಲ.

* * *

ಅವಳು ಹಿಂದಿರುಗುವ ಹೊತ್ತಿಗೆ ಪೆಟ್ಟಿಗೆ ಅಂಗಳಕ್ಕೆ ಬಂದಿತ್ತು. ಎನೆಲೇಸಿ ಸಂಘದ ಬಿಳಿ ರವಿಕೆ ತೊಟ್ಟೇ ಬಂದಿದ್ದಳು, ಸೂಜಿ ಈಗ ಅದರ ಎದೆಯಲ್ಲಿತ್ತು. ರವಿಕೆ ಕಂಡು ಚಿಪೇತ ಹುಬ್ಬು ಗಂಟಿಕ್ಕಿದ. ಅವಳು ನೇರ ಹೊಸ ಪಾದ್ರಿಯ ಬಳಿಗೆ ಹೋಗಿ ಕಾಗದವನ್ನೂ ನಾಲ್ಕಾಗಿ ಮಡಚಿದ್ದ ಅದೇ ತಲೆವಸ್ತ್ರವನ್ನೂ ಮುಂದೆ ಹಿಡಿದಳು.

ಪಾದ್ರಿ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡರು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಓದಿದರು.

"ಯಾವಾಗ ಬಂದ ಕಾಗದ?" ಎಂದಳು ತಡಾಲ.

"ನಾಲ್ಕು ವರ್ಷ ಆಯ್ತು."

"ಅವ್ವನಿಗೆ ಗೊತ್ತಿತ್ತಾ?"

"ಇಲ್ಲ. ನಾನು ಹೇಳಲಿಲ್ಲ."

ತಡಾಲ ಕೂಗಲಿಲ್ಲ, ಮೇಲೆ ಬೀಳಲಿಲ್ಲ. ಕೂಗಿದ್ದರೆ ಎನೆಲೇಸಿಗೆ ಹಗುರವಾಗುತ್ತಿತ್ತು.

"ಹೋದ ಮಳೇಲಿ ಅವ್ವ ಕಿಟಕಿ ಕೆಳಗೆ ನೆಂದು ಜ್ವರ ಹಿಡಿಸ್ಕೊಂಡ್ಲು ಚಿಕ್ಕಮ್ಮ. ನೀವು ಗಂಜಿ ಕಳಿಸಿದ್ರಿ."

"ಕಳಿಸಿದೆ."

"ಅವ್ವ ಪಾತ್ರೆ ತೊಳೆದು, ಖಾಲಿ ಕೊಡಬಾರದು ಅಂತ ಒಣಮೀನು ಹಾಕಿ ವಾಪಸ್ ಕೊಟ್ಟಿದ್ಲು."

ಎನೆಲೇಸಿ ತಲೆಯಾಡಿಸಿದಳು. ಆ ಮೀನನ್ನು ಅವಳು ತಿಂದಿದ್ದಳು.

ಚಿಪೇತ ತಾನೇ ಹೋಗಿ ಗಂಟೆಯ ಹಗ್ಗ ಹಿಡಿದ. ಹೆಂಗಸರು ಓಡಿಹೋಗಿ ಬಿಳಿ ರವಿಕೆ ತೊಟ್ಟು ಬಂದರು. ಹಾಡುತ್ತ ಮಲುವಳ ಮನೆಯಿಂದ ಹೊರಟರು, ಕಾಗದದಲ್ಲಿ ಬರೆದಿದ್ದ ಹಾಗೆಯೇ. ಚರ್ಚಿನ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿ ಮುಖದ ಮೇಲಿನ ಹಲಗೆ ಸರಿಸಿದರು. ಎನೆಲೇಸಿ ತಲೆವಸ್ತ್ರ ಬಿಡಿಸಲು ಕೈ ಹಾಕಿದಳು. ತಡಾಲ ಅದನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು ಎಸ್ನಾತಿಗೆ ಕೊಟ್ಟಳು.

"ದೊಡ್ಡವ್ವ, ನೀನು ಕಟ್ಟು."

ಎಸ್ನಾತಿ ಕಟ್ಟಿದಳು. ಇಪ್ಪತ್ತೆರಡು ವರ್ಷದ ಮಡಿಕೆಯ ಗೆರೆ ಹಣೆಯ ಮೇಲೆ ಹಾಗೇ ಉಳಿಯಿತು. "ಬಾ ತಂಗಿ," ಎಂದಳು ಅವಳು, "ಒಳಗೆ ಹೋಗೋಣ."

ಎಲ್ಲರೂ ಒಳಗೆ ಹೋದರು. ಎನೆಲೇಸಿ ಬಾಗಿಲಿಗೆ ಬೆನ್ನು ತಿರುಗಿಸಿ, ಗೋಡೆ ಹಿಡಿದು ಬಳಸಿ, ಪಕ್ಕದ ಕಿಟಕಿಯ ಬಳಿಗೆ ಬಂದು ಎರಡು ಇಟ್ಟಿಗೆಯ ಮೇಲೆ ಕೂತಳು.

ಅಲ್ಲಿಂದ ಪಾದ್ರಿ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಶಿಲುಬೆಯೂ ಕಾಣುವುದಿಲ್ಲ. ಕಾಣುವುದು ಹೆಂಗಸರ ಬೆನ್ನು ಮಾತ್ರ, ಸಾಲು ಸಾಲು ಬಿಳಿ ಬೆನ್ನು. ಒಂದೊಂದು ಕಾಲರೂ ಒಂದೊಂದು ನೆರಿಗೆಯೂ ಮಲುವಳದು. ಮುಂದಿನ ಬೆಂಚಿನಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು, ಕಿಟಕಿಯಿಂದ ನೇರ ಕಣ್ಣಿಗೆ ಬೀಳುವ ಹಾಗೆ. ಅದು ಎನೆಲೇಸಿಯ ಜಾಗ.

ಒಳಗೆ ಹಾಡು ಶುರುವಾಯಿತು. ಅವಳು ಎದೆಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆದಳು. ಗೇಣುದ್ದ ದಾರ, ಬಿಟ್ಟ ಹೊಲಿಗೆಗೆ ಸರಿಯಾಗಿ ಸಾಕಾಗುವಷ್ಟು. ಬಲಗೈಯನ್ನು ಎಡಭುಜದ ಹಿಂದಕ್ಕೆ ಚಾಚಿದಳು, ಇನ್ನಷ್ಟು ಚಾಚಿದಳು. ಬೆರಳ ತುದಿಗೆ ಹರಿದ ಅಂಚು ತಾಗುತ್ತಿತ್ತು, ಸೂಜಿ ಚುಚ್ಚುವಷ್ಟು ಕೈ ಎಟುಕುತ್ತಿರಲಿಲ್ಲ.