ಬೆಂಕಿಗೂ ಉಸಿರು ಬೇಕು

ಉತ್ತರದ ಹಿಮನಾಡಿನ ಲಾರ್ಚ್ ಮರಗಳ ಕಾಡಿನಲ್ಲಿ ಒಂಟಿಯಾಗಿ ಗುಡಾರ ಹಾಕುವ ಯಾವ ಬೇಟೆಗಾರನನ್ನು ಕೇಳಿದರೂ ಒಂದೇ ದೂರು. ತಗಡಿನ ಒಲೆ ಉರಿಯುವಷ್ಟು ಹೊತ್ತು ಅಂಗಿ ಬಿಚ್ಚಿ ಕೂರಬಹುದು. ಸೌದೆ ಮುಗಿಯಿತೋ, ಲೋಟದ ತಳದ ಚಹಾ ಕಲ್ಲಾಗುತ್ತದೆ. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿಳಿದ ಚಳಿ ಬಟ್ಟೆಯ ಗೋಡೆಗೆ ಮರ್ಯಾದೆ ಕೊಡುವುದಿಲ್ಲ. ಮಲಗಿದವನು ಮೂರು ಸಲವಾದರೂ ಎದ್ದು ಒಲೆಗೆ ಸೌದೆ ತುರುಕಬೇಕು. ಹಗಲೆಲ್ಲ ಹಿಮ ತುಳಿದು ಉರುಲು ನೋಡಿ ಬಂದ ಮೈ, ಏಳು ಅಂದರೆ ಏಳುತ್ತದೆಯೇ?

ಪ್ರೊಕೋಪಿ ಇದಕ್ಕೊಂದು ಉಪಾಯ ಹೂಡಿದ್ದ. ಅವನ ಅಜ್ಜನ ಕಾಲದಲ್ಲಿ ಚಳಿ ಶುರುವಾಗುವ ಮುಂಚೆ ಮನೆಯ ಹೊರಗೋಡೆಗೆಲ್ಲ ಸಗಣಿ ಮೆತ್ತುತ್ತಿದ್ದರು. ಅದು ಹೆಪ್ಪುಗಟ್ಟಿದರೆ ಸೂಜಿ ತೂರುವಷ್ಟೂ ಸಂದು ಉಳಿಯುತ್ತಿರಲಿಲ್ಲ. ಗುಡಾರಕ್ಕೂ ಯಾಕೆ ಹಾಗೆ ಮಾಡಬಾರದು? ಹಿಮಕ್ಕೆ ಬಿಸಿನೀರು ಹಾಕಿ ಕಲಸಿ, ಬುಡದಿಂದ ನೆತ್ತಿಯವರೆಗೆ ಮೆತ್ತಿದ. ಒಂದು ಗಳಿಗೆಯಲ್ಲಿ ಗುಡಾರ ಗಾಜಿನ ಮನೆಯಂತಾಯಿತು. ಮೇಲೆ ಅಂಗೈಯಗಲದ ಗಾಳಿಕಿಂಡಿಯೊಂದು ಉಳಿದಿತ್ತು. ಅದಕ್ಕೆ ಹಳೆಯ ಹಿಮಸಾರಂಗದ ತೊಗಲಿನ ಕಾಲುಚೀಲ ತುರುಕಿದ. ಮಲಗುವ ಮುನ್ನ ಕೆಂಡ ಕೆಂಪಗಿರುವಾಗಲೇ ಹೊಗೆಕೊಳವೆಯ ಮುಚ್ಚಳ ತಿರುವಿದ. ಊರಿನ ಇಟ್ಟಿಗೆ ಒಲೆಗೂ ಹೀಗೇ ತಾನೆ ಮುಚ್ಚಳ ಹಾಕುವುದು? ಕಾವು ಒಳಗೇ ಉಳಿಯಿತು. ಮೊಲದ ತೊಗಲಿನ ರಗ್ಗು ಹೊದ್ದು ಬೆಳಗಿನವರೆಗೆ ಮಗುವಿನಂತೆ ಮಲಗಿದ.

ಮಾರನೆಯ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಉರುಲು ನೋಡಲು ಹೊರಟಾಗ ಇಳಿಯಿತು. ಗುಡಾರಕ್ಕೆ ಮರಳಿ ಮಲಗಿ ಎದ್ದರೆ ಮತ್ತೆ ಅದೇ ನೋವು, ಮೇಲೆ ಹೊಟ್ಟೆ ತೊಳಸು. ವಯಸ್ಸು ಐವತ್ತೆಂಟು, ನೆಗಡಿ ಹಿಡಿದಿದೆ ಅಂದುಕೊಂಡ. ನಾಯಿ ಮೊಯ್ತುರುಕ್ ಮಾತ್ರ ಮೂರನೆಯ ದಿನದಿಂದ ಒಳಗೆ ಕಾಲಿಡಲಿಲ್ಲ. ಬಾಲ ಮೂಗಿಗೆ ಸುತ್ತಿಕೊಂಡು ಹಿಮದಲ್ಲೇ ಮಲಗತೊಡಗಿತು. "ಬಡವನ ಅರಮನೆ ನಿನಗೆ ಹಿಡಿಸಲಿಲ್ವೇನೋ ಸಾಹುಕಾರ," ಎಂದು ಪ್ರೊಕೋಪಿ ಅದನ್ನು ಹಂಗಿಸಿದ.

ಐದನೆಯ ಬೆಳಿಗ್ಗೆ ರೇಡಿಯೊ ಅವನನ್ನು ಕಾಯಿತು. ಕಾಡಿನಲ್ಲಿ ಒಂಟಿಯಾಗಿರುವ ಪ್ರತಿ ಬೇಟೆಗಾರನೂ ಒಂಬತ್ತು ಗಂಟೆಗೆ ರೇಡಿಯೊದಲ್ಲಿ ಒಂದೇ ಮಾತು ಹೇಳಬೇಕು: "ಇದ್ದೀನಿ." ಊರಿನಲ್ಲಿ ಹೆಂಡತಿ ಅಗ್ರಾಫೆನಾ ಕಿವಿಗೊಟ್ಟು ಕೂತಿದ್ದಳು. ಒಂಬತ್ತಾಯಿತು, ಹತ್ತಾಯಿತು. ಪ್ರೊಕೋಪಿಯ ಮಾತು ಬರಲಿಲ್ಲ. ಹತ್ತಿರದಲ್ಲಿ ಯಾರಿದ್ದೀರಿ ಎಂದು ಆಕೆ ರೇಡಿಯೊದಲ್ಲಿ ಕೂಗಿದಳು. ಉತ್ತರಿಸಿದವಳು ತುಯಾರಾ.

ತುಯಾರಾ ಊರಿನ ಆರೋಗ್ಯ ಸಹಾಯಕಿ. ನದಿಯಾಚೆ ಹಿಮಸಾರಂಗ ಕಾಯುವವರಿಗೆ ಚುಚ್ಚುಮದ್ದು ಹಾಕಲು ಬಂದಿದ್ದಳು. ಪ್ರೊಕೋಪಿಯ ತಮ್ಮ ಗವ್ರೀಲನ ವಿಧವೆ. ಕಳೆದ ಚಳಿಗಾಲದಲ್ಲಿ ಗವ್ರೀಲ ಇಂಥದೇ ಗುಡಾರದಲ್ಲಿ ಮಲಗಿದವನು ಏಳಲಿಲ್ಲ. ಮಣ್ಣು ಮಾಡುವಾಗ ಪ್ರೊಕೋಪಿ ಎಲ್ಲರ ಮುಂದೆ ಒಂದು ಮಾತು ಆಡಿದ್ದ: "ಕುಡಿದು ಮಲಗಿರ್ತಾನೆ, ಇನ್ನೇನು." ಅಂದಿನಿಂದ ತುಯಾರಾ ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಪ್ರೊಕೋಪಿಗೆ ಮೊದಲು ಕೇಳಿದ್ದು ನಾಯಿಯ ಬೊಗಳು, ಆಮೇಲೆ ಹಿಮಬಂಡಿಯ ಸದ್ದು. ಎಲ್ಲ ನೀರಿನಡಿಯಿಂದ ಕೇಳಿದಂತಿತ್ತು. ಬಾಗಿಲಿನ ಬಟ್ಟೆ ಹರಿದು ತೆರೆಯಿತು. ಅದರ ಹಿಂದೆಯೇ ಕಿವಿ ಸೀಳುವ ಕೀರಲು ಶಬ್ದ.

"ಭಾವಾ! ಎದ್ದೇಳಿ! ಹೊರಗೆ ಬನ್ನಿ ಮೊದ್ಲು!"

"ಯಾರು... ತುಯಾರಾನಾ? ಬಾಗಿಲು ಹಾಕಮ್ಮಾ, ಕಾವೆಲ್ಲ ಹೋಯ್ತು."

ಅವಳು ಉಸಿರು ಬಿಗಿಹಿಡಿದು, ಕಂಕುಳಿಗೆ ಕೈಕೊಟ್ಟು, ರಗ್ಗಿನ ಸಮೇತ ಅವನನ್ನು ಹೊರಗೆಳೆದಳು. ಅವನ ಕಾಲು ಬೇರೆ ಯಾರದೋ ಕಾಲಿನಂತೆ ಮಡಚಿಕೊಳ್ಳುತ್ತಿತ್ತು. ಗಾಡಿಯ ಮೇಲೆ ಕೂರಿಸಿ, ತುಪ್ಪಳದ ಕೋಟು ತೊಡಿಸಿ, ಬಯಲಿನಲ್ಲಿ ಬೆಂಕಿ ಹಾಕಿದಳು. ಅವಳ ಕೊರಳಿನಲ್ಲಿ ನೇತಾಡುತ್ತಿದ್ದ ಬಿಳಿ ಪೆಟ್ಟಿಗೆ ಆಗ ಸುಮ್ಮನಾಯಿತು.

"ಏನದು, ಕಿರುಚೋ ಪೆಟ್ಟಿಗೆ?"

"ವಿಷಗಾಳಿ ಇದ್ರೆ ಕೂಗುತ್ತೆ. ನಿಮ್ಮ ಗುಡಾರದ ತುಂಬ ಅದೇ ಇದೆ."

"ವಿಷವಂತೆ! ಐದು ದಿನದಿಂದ ಸ್ನಾನ ಮಾಡಿಲ್ಲ, ನನ್ನ ಬೆವರಿಗೆ ಕೂಗಿರಬೇಕು." ಪ್ರೊಕೋಪಿ ನಗಲು ನೋಡಿದ. ನಗು ತಲೆಗೆ ಸುತ್ತಿಗೆಯಂತೆ ಬಡಿಯಿತು. "ಹೊಗೆ ಕಂಡ್ಯಾ ಒಳಗೆ? ವಾಸನೆ ಬಂತಾ? ಒಣಗಿದ ಲಾರ್ಚ್ ಸೌದೆ ಕಣಮ್ಮ, ಕಣ್ಣಿಗೆ ಹಚ್ಚಿಕೊಂಡ್ರೂ ಉರಿಯಲ್ಲ."

"ಕಣ್ಣಿಗೆ ಕಾಣೋದಾಗಿದ್ರೆ, ಮೂಗಿಗೆ ಹೊಡೆಯೋದಾಗಿದ್ರೆ ಯಾರು ಸಾಯ್ತಿದ್ರು ಭಾವ? ಮುಚ್ಚಿದ ಕೆಂಡದಿಂದ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯುತ್ತೆ, ಹೊಟ್ಟೆ ತೊಳಸುತ್ತೆ, ನಿದ್ದೆ ಬರುತ್ತೆ. ಆ ನಿದ್ದೆ ಮುಗಿಯಲ್ಲ."

"ನೆಗಡಿ ನನಗೆ."

"ಹೊರಗೆ ಹೋದ್ರೆ ಬಿಟ್ಟು, ಗುಡಾರಕ್ಕೆ ಬಂದ್ರೆ ಹಿಡಿಯೋ ನೆಗಡಿನಾ?"

ಪ್ರೊಕೋಪಿ ಬೆಚ್ಚಿದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲ. "ನಲವತ್ತು ವರ್ಷದಿಂದ ಕಾಡಲ್ಲಿದ್ದೀನಿ. ಈ ಕೈಗೆ ಏನೂ ಆಗಿಲ್ಲ. ಕಣ್ಣು ಕಟ್ಟಿದ್ರೂ ಉರುಲು ಹಾಕ್ತೀನಿ."

"ಕಣ್ಣು ಬಿಟ್ಕೊಂಡೇ ಹಾಕಿ, ನೋಡೋಣ."

ಕುದುರೆ ಬಾಲದ ಕೂದಲು ಹೊಸೆದು ಮೊಲಕ್ಕೆ ಉರುಲು ಕಟ್ಟುವುದರಲ್ಲಿ ಅವನನ್ನು ಮೀರಿಸಿದವರು ನದಿಯ ಎರಡು ದಡದಲ್ಲೂ ಇರಲಿಲ್ಲ. ಆ ಗಂಟು ಅವನಿಗೆ ಅಪ್ಪ ಕಲಿಸಿದ್ದು, ಅವನು ಗವ್ರೀಲನಿಗೆ ಕಲಿಸಿದ್ದು. ಕೋಟಿನ ಜೇಬಿನಿಂದ ಎಳೆ ತೆಗೆದುಕೊಂಡ. ಸುತ್ತಿದ. ತುದಿ ಒಳಗೆ ತೂರಬೇಕು... ಎತ್ತ ತೂರಬೇಕು? ಬೆರಳು ನಿಂತುಬಿಟ್ಟವು. ಮತ್ತೆ ಬಿಚ್ಚಿದ, ಮತ್ತೆ ಸುತ್ತಿದ. ಮೂರನೆಯ ಸಲ ಎಳೆ ಕೈಯಿಂದ ಜಾರಿ ಹಿಮಕ್ಕೆ ಬಿತ್ತು.

"ಚಳಿ," ಎಂದ. "ಬೆರಳು ಮರಗಟ್ಟಿವೆ, ಅಷ್ಟೇ."

"ಆಯ್ತು ಬಿಡಿ, ಚಳಿನೇ." ತುಯಾರಾ ಥರ್ಮಾಸಿನಿಂದ ಹಾಲು ಬೆರೆಸಿದ ಚಹಾ ಬಗ್ಗಿಸಿದಳು. ವಾಡಿಕೆಯಂತೆ ಮೊದಲ ಗುಟುಕನ್ನು ಬೆಂಕಿಗೆ ಚಿಮುಕಿಸಿ ಲೋಟವನ್ನು ಅವನ ಕೈಗಿಟ್ಟಳು. "ಗಾಡಿ ಹಿಡ್ಕೊಂಡು ಕೂರೋ ಶಕ್ತಿ ಬರೋವರೆಗೆ ಇಲ್ಲೇ ಕೂತಿರೋಣ. ಒಳಗೆ ಮಾತ್ರ ಹೋಗೋ ಹಾಗಿಲ್ಲ." ಅಗ್ರಾಫೆನಾಗೆ ರೇಡಿಯೊದಲ್ಲಿ ಸುದ್ದಿ ಮುಟ್ಟಿಸಿದಳು.

ಎರಡು ಗಂಟೆ ಕೂತರು. ಸೂರ್ಯ ಮರಗಳ ತುದಿಯವರೆಗೂ ಏರಲಾರದೆ ಹಾಗೇ ಪಕ್ಕಕ್ಕೆ ಸರಿದ. ಚಳಿ ಐವತ್ತೆರಡಿನಿಂದ ಒಂದು ಗೆರೆ ಮೇಲೆ ಬರಲಿಲ್ಲ. ತಲೆಯೊಳಗಿನ ಸುತ್ತಿಗೆ ಮಾತ್ರ ಮೆಲ್ಲಗೆ ದೂರವಾಯಿತು. ಮೊಯ್ತುರುಕ್ ಬಂದು ಅವನ ಪಾದದ ಮೇಲೆ ಗದ್ದವಿಟ್ಟಿತು.

ತುಯಾರಾ ಹಿಮದಿಂದ ಎಳೆ ಹೆಕ್ಕಿ ಅವನ ತೊಡೆಯ ಮೇಲಿಟ್ಟಳು.

ಬೆರಳು ತಾವಾಗಿಯೇ ಸುತ್ತಿದವು, ತೂರಿಸಿದವು, ಎಳೆದವು. ಉರುಲು ಗುಂಡಗೆ ನಿಂತಿತು. ಅದೇ ಚಳಿ. ಅದೇ ಬೆರಳು. ಅದೇ ಎಳೆ.

ಪ್ರೊಕೋಪಿ ಉರುಲನ್ನು ಬೆರಳಿನಿಂದ ಎಳೆದು ನೋಡಿದ. ಆಮೇಲೆ ತಲೆ ಎತ್ತದೆ ಕೇಳಿದ: "ಗವ್ರೀಲನೂ...?"

"ಅವರ ಮುಖ ನೋಡಿದ್ರಲ್ಲ ಭಾವ. ಕೆನ್ನೆ ಕಾಡುಹಣ್ಣಿನ ಹಾಗೆ ಕೆಂಪಗಿತ್ತು. ನೀವೆಲ್ಲ ಹೆಂಡದ ಕೆಂಪು ಅಂದ್ರಿ. ಆ ಗಾಳಿ ರಕ್ತಕ್ಕೆ ಸೇರಿದ್ರೂ ಕೆಲವರಿಗೆ ಹಾಗಾಗುತ್ತೆ. ರಕ್ತ ಪರೀಕ್ಷೆ ಮಾಡಿ ಅಂತ ಬೇಡಿಕೊಂಡೆ, ಮಾಡಲಿಲ್ಲ. ಬಾಟಲಿ ಹುಡುಕಿದೆ. ಅವರ ಗುಡಾರದಲ್ಲಿ ಒಂದು ಖಾಲಿ ಬಾಟಲಿಯೂ ಇರಲಿಲ್ಲ. ಇದ್ದದ್ದು ಮುಚ್ಚಿದ ಕೊಳವೆ."

ಗವ್ರೀಲನ ಸಾವಿನ ಕಾಗದದಲ್ಲಿ ಅಧಿಕಾರಿಗಳು 'ಹೃದಯ ನಿಂತು ಸಾವು' ಎಂದು ಬರೆದಿದ್ದರು. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ! ಯಾಕೆ ನಿಂತಿತು ಎಂದು ಬರೆಯಲು ಯಾರ ಲೇಖನಿಗೂ ಶಾಯಿ ಇರಲಿಲ್ಲ. ತುಪ್ಪಳ ಕೊಳ್ಳುವ ಸಂಸ್ಥೆ ಅವನಿಗೆ ಗುಡಾರ ಕೊಟ್ಟಿತ್ತು, ಒಲೆ ಕೊಟ್ಟಿತ್ತು, ಅಂಗೈಯಲ್ಲಿ ಹಿಡಿಸುವ ಒಂದು ಪೆಟ್ಟಿಗೆ ಕೊಟ್ಟಿರಲಿಲ್ಲ. ಬೇಟೆಗಾರ ಸತ್ತರೆ ಚಳಿಯ ತಪ್ಪು, ಇಲ್ಲವೇ ಹೆಂಡದ ತಪ್ಪು. ಕೊಡದೆ ಉಳಿದವರ ತಪ್ಪು ಎಂದೂ ಅಲ್ಲ. ಆ ಸುಳ್ಳಿಗೆ ಕಾಗದ ಒದಗಿಸಿದವರು ಅಧಿಕಾರಿಗಳು. ನಾಲಿಗೆ ಒದಗಿಸಿದವನು ಒಡಹುಟ್ಟಿದ ಅಣ್ಣ.

"ನಾನೇ ಅಂದೆ," ಎಂದ ಪ್ರೊಕೋಪಿ. "ಮಣ್ಣಿನ ಮುಂದೆ ನಿಂತು ನಾನೇ ಅಂದೆ."

ತುಯಾರಾ ಬೆಂಕಿಗೆ ಇನ್ನೊಂದು ಕೊರಡು ಇಟ್ಟಳು.

ಅವನು ಕೇಳಿದ: "ಹಾಗಾದ್ರೆ ಏನ್ಮಾಡ್ಲಿ? ಕಿಂಡಿ ತೆರೆದ್ರೆ ಚಳಿಗೆ ಸಾಯ್ತೀನಿ, ಮುಚ್ಚಿದ್ರೆ ಗಾಳಿಗೆ ಸಾಯ್ತೀನಿ."

"ಚಳಿಗೆ ರಗ್ಗಿದೆ. ಈ ಗಾಳಿಗೆ ರಗ್ಗಿಲ್ಲ. ಮೈ ಕಾಯೋದು ಹೊದಿಕೆ ಭಾವ, ಒಲೆ ಅಲ್ಲ. ಮಲಗೋ ಮುಂಚೆ ಚೆನ್ನಾಗಿ ಉರಿಸಿ, ಕೆಂಡ ಪೂರ್ತಿ ಬೂದಿಯಾಗಲಿ, ಆಮೇಲೆ ಮಲಗಿ. ಚಳಿ ಎಬ್ಬಿಸಿದ್ರೆ ಎದ್ದು ಮತ್ತೆ ಹಚ್ಚಿ, ಎಚ್ಚರವಾಗಿ ಕೂತು ಕಾಯಿಸ್ಕೊಳ್ಳಿ. ಕೆಂಡ ಇರೋವರೆಗೂ ಕೊಳವೆ ಮುಚ್ಚಬೇಡಿ."

"ಅಜ್ಜನ ಮನೆಗೆ ಸಗಣಿ ಮೆತ್ತಿದ್ರು, ಯಾರೂ ಸಾಯಲಿಲ್ಲ."

"ಅಜ್ಜನ ಒಲೆಗೆ ಆಳು ತೂರುವಷ್ಟು ಬಾಯಿತ್ತು, ಆಕಾಶದವರೆಗೆ ಕೊಳವೆ ಇತ್ತು. ನೀವು ಸಗಣಿಯ ಬುದ್ಧಿ ತಂದ್ರಿ, ಕೊಳವೆ ಅಲ್ಲೇ ಮರೆತ್ರಿ." ಅವಳ ದನಿ ಮೆತ್ತಗಾಯಿತು. "ದಿನಾ ಊಟಕ್ಕೆ ಮುಂಚೆ ಬೆಂಕಿಗೆ ತುತ್ತು ಕೊಡ್ತೀರಿ. ತಪ್ಪಿಸಿದವರಲ್ಲ ನೀವು. ತುತ್ತು ಕೊಟ್ಟ ಮೇಲೆ ಉಸಿರು ಕೊಡಬೇಡ್ವಾ? ನೀವು ಕೊಡದಿದ್ರೆ ನಿಮ್ಮದನ್ನೇ ತಗೊಳ್ಳುತ್ತೆ."

ಪ್ರೊಕೋಪಿ ಎದ್ದ. ಹೊರಗಿನಿಂದಲೇ ಹಿಮದ ಗಾರೆಯನ್ನು ಕೊಡಲಿಯಿಂದ ಒಡೆದು, ಸೊಂಟದ ಚೂರಿಯಿಂದ ಬುಡದ ಬಟ್ಟೆಯಲ್ಲಿ ಗೇಣುದ್ದದ ಕಿಂಡಿ ಕೊಯ್ದ. ಕೋಲಿನಿಂದ ಮೇಲಿನ ಕಾಲುಚೀಲವನ್ನು ಕಿತ್ತು ಬೆಂಕಿಗೆಸೆದ. ಕೊಳವೆಯ ಬಾಯಿಗೆ ಕಟ್ಟಿದ್ದ ಮಸಿಯನ್ನೂ ಮಂಜನ್ನೂ ಕೆರೆದ. ತುಯಾರಾ ಕೊರಳಿನ ಪೆಟ್ಟಿಗೆ ಬಿಚ್ಚಿ ಅವನ ಎದೆಜೇಬಿಗೆ ಹಾಕಿದಳು.

"ಚಳಿಗೆ ಬ್ಯಾಟರಿ ಸಾಯುತ್ತೆ. ಹಗಲು ಎದೆಗೆ ಒತ್ತಿಟ್ಕೊಳ್ಳಿ. ಮಲಗುವಾಗ ತಲೆದೆಸೆಯಲ್ಲಿ, ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ."

"ನಿನಗೆ?"

"ನನ್ನ ಹತ್ರ ಇನ್ನೊಂದಿದೆ. ಅವರಿಗೆ ಅಂತ ತರಿಸಿದ್ದು. ಅವರನ್ನ ಮಣ್ಣು ಮಾಡಿದ ಮಾರನೇ ವಾರ ಬಂತು."

ಆ ದಿನ ಅವಳು ಅವನನ್ನು ಕಾಡಿನಲ್ಲಿ ಬಿಡಲಿಲ್ಲ. ಊರಿಗೆ ಕರೆತಂದು ಆಮ್ಲಜನಕ ಕೊಟ್ಟು, ಎರಡು ದಿನ ಮಲಗಿಸಿದಳು. ಮೂರನೆಯ ದಿನ ಊರಿನ ಸಭೆ. ಪ್ರೊಕೋಪಿ ಎದ್ದು ನಿಂತ. ಎಂದೂ ಸಭೆಯಲ್ಲಿ ಬಾಯಿ ತೆರೆದವನಲ್ಲ.

"ನನ್ನ ತಮ್ಮ ಕುಡಿದಿರಲಿಲ್ಲ," ಎಂದ. "ನಾನು ಆಡಿದ ಮಾತು ಸುಳ್ಳು. ಆ ಮಾತಿಗೆ ತಲೆಯಾಡಿಸಿದವರೆಲ್ಲ ಕೇಳಿಸ್ಕೊಳ್ಳಿ. ಈ ಪೆಟ್ಟಿಗೆ ಒಂದೊಂದು ಗುಡಾರಕ್ಕೂ ಒಂದೊಂದು ಬರೋವರೆಗೆ ನಾನು ಸಂಸ್ಥೆಗೆ ಒಂದು ತೊಗಲೂ ಕೊಡಲ್ಲ. ನೀವು?"

ಮೊದಲು ಒಂದು ಕೈ ಎದ್ದಿತು. ಅದು ಅಗ್ರಾಫೆನಾಳದು. ಆಮೇಲೆ ಎಣಿಸಲು ಆಗಲಿಲ್ಲ. ತುಯಾರಾ ಬಾಗಿಲ ಬಳಿ ನಿಂತಿದ್ದಳು. ಆ ಸಂಜೆ ಅವಳು ಪ್ರೊಕೋಪಿಯ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳು. ಯಾರೂ ಕರೆಯಬೇಕಾಗಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಹಿಮ ಬೀಳದಿರಬಹುದು. ಆದರೆ ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಕುಂಡ ಇಡುವವರು ನಿಮ್ಮಲ್ಲೂ ಇದ್ದಾರೆ. ಕಾವಲಿನ ಗುಡಿಸಲಲ್ಲಿ ಇದ್ದಿಲು ಹೊತ್ತಿಸಿ ಕದ ಹಾಕಿಕೊಳ್ಳುವವರಿದ್ದಾರೆ. ಕೆಂಡಕ್ಕೆ ದೇಶಭಾಷೆ ಗೊತ್ತಿಲ್ಲ. ಮುಚ್ಚಿದ ಜಾಗದಲ್ಲಿ ಕೆಂಡವಿಟ್ಟು ಮಲಗಬೇಡಿ. ಬೆಂಕಿಯ ಬಳಿ ತಲೆ ನೋಯಿತೋ, ವಾದ ಮಾಡುತ್ತ ಕೂರಬೇಡಿ. ಮೊದಲು ಹೊರಗೆ ಬನ್ನಿ, ಜೊತೆಯವರನ್ನೂ ಎಳೆದು ತನ್ನಿ, ಆಸ್ಪತ್ರೆಗೆ ಹೋಗಿ. ನಿಮ್ಮನ್ನು ಚಳಿಯಲ್ಲಿ ದುಡಿಸುವವರು ಬೆಂಕಿ ಕೊಟ್ಟರೆ, ಅದರ ಜೊತೆ ಎಚ್ಚರಿಕೆಯನ್ನೂ ಕೊಡಬೇಕು. ಕೇಳಿ ಪಡೆಯಿರಿ. ಅದು ಭಿಕ್ಷೆಯಲ್ಲ. ಸತ್ತವರ ಮೇಲೆ ಸುಲಭವಾದ ಸುಳ್ಳು ಹೊರಿಸುವವರ ಜೊತೆ ತಲೆಯಾಡಿಸಬೇಡಿ.

ಪ್ರೊಕೋಪಿ ಈಗ ಮತ್ತೆ ಕಾಡಿನಲ್ಲಿದ್ದಾನೆ. ಕಿಂಡಿಯಿಂದ ಚಳಿ ಬರುತ್ತದೆ, ಬೈಯುತ್ತಾನೆ, ರಗ್ಗು ಎಳೆದುಕೊಳ್ಳುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಅಗ್ರಾಫೆನಾ ರೇಡಿಯೊ ಮುಂದೆ ಕೂರುತ್ತಾಳೆ. ಒಂದು ಗೊರಗೊರ, ಒಂದು ಕೆಮ್ಮು, ಆಮೇಲೆ ಆ ಮಾತು.

"ಇದ್ದೀನಿ."

ನಿಮ್ಮ ಮನೆಯಲ್ಲೂ ಆ ಮಾತಿಗೆ ಕಿವಿಗೊಟ್ಟು ಕೂತವರಿದ್ದಾರೆ. ಅವರಿಗಾಗಿ, ಇರಿ.