ಒಂದು ಮಾರು ಫಿಲ್ಮು

ಮಾಗಿ ಕಪ್ಪಾದ ಬಾಳೆಹಣ್ಣಿನಂಥ, ಮೂಗಿಗೆ ಚುರುಕ್ಕೆನ್ನುವ ವಾಸನೆ. ಮುಂದಿನ ಸಾಲಿನ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಅಕ್ಕನಿಗೆ ಅಪ್ಪನ ಬೆರಳುಗಳು ನೆನಪಾದವು. ಅಪ್ಪ ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದರು. ಹರಿದ ಫಿಲ್ಮಿನ ತುದಿಗಳಿಗೆ ಅಂಟು ಸವರಿ ಒತ್ತಿ ಹಿಡಿಯುತ್ತಿದ್ದ ಆ ಬೆರಳುಗಳು ಊಟದ ಹೊತ್ತಿನಲ್ಲೂ ಹೀಗೇ ನಾರುತ್ತಿದ್ದವು. ನೆನಪಾಯಿತು, ಅಷ್ಟೇ. ಅಪ್ಪ ಹೋಗಿ ಒಂಬತ್ತು ದಿನವಾಗಿತ್ತು. ಅವಳ ಕಣ್ಣಿನಿಂದ ಇನ್ನೂ ಒಂದು ಹನಿ ಉದುರಿರಲಿಲ್ಲ.

ಫಿಲ್ಮ್ ಕ್ಲಬ್ಬಿನ ಕಾರ್ಯದರ್ಶಿಯಾದ ನಿವೃತ್ತ ಚರಿತ್ರೆ ಮೇಷ್ಟ್ರು, ಅಪ್ಪನ ನೆನಪಿಗೆಂದು ಭಾನುವಾರ ಮಧ್ಯಾಹ್ನ ಹಳೆಯ ಕೌಬಾಯ್ ಚಿತ್ರವೊಂದನ್ನು ತರಿಸಿದ್ದರು. ನಲವತ್ತು ವರ್ಷದ ಹಿಂದೆ ಅಪ್ಪ ಅದನ್ನು ಹದಿನಾಲ್ಕು ವಾರ ಓಡಿಸಿದ್ದರು. ಅಕ್ಕ ತಮ್ಮ ಇಬ್ಬರೂ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದರು.

ತಮ್ಮ ಅಕ್ಕನ ಸಾಲಿನ ಕೊನೆಯಲ್ಲೇ ಕೂತಿದ್ದ. ನಡುವೆ ಆರು ಖಾಲಿ ಕುರ್ಚಿ. ಆಸ್ಪತ್ರೆಯಲ್ಲಿ ಅಪ್ಪನ ಉಸಿರು ಏರುಪೇರಾದ ಮಧ್ಯಾಹ್ನ, ಅವಳು ಡಾಕ್ಟರನ್ನು ಕರೆದುಕೊಂಡು ಬರುವಷ್ಟರಲ್ಲಿ ತಮ್ಮ ಹೇಳದೆ ಕೇಳದೆ ಎದ್ದು ಹೋಗಿದ್ದ. ಸಂಜೆ ಎಲ್ಲ ಮುಗಿದಾಗ ಹಾಸಿಗೆಯ ಪಕ್ಕದಲ್ಲಿ ಇದ್ದವಳು ಅವಳೊಬ್ಬಳೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಅವಳ ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅಂದು ಅಪ್ಪನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಅನ್ನ ತುಂಬಿದ ಆ ಡಬ್ಬಿಯನ್ನು ಯಾರೋ ಇಟ್ಟು ಹೋಗಿದ್ದರು. ವಾರ್ಡಿನ ನರ್ಸ್ ಇಟ್ಟಿರಬೇಕೆಂದುಕೊಂಡು, ಚಮಚವಿಲ್ಲದೆ ಕೈಯಲ್ಲೇ ನಾಲ್ಕು ತುತ್ತು ತಿಂದಿದ್ದಳು. ಚಿತ್ರ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಡಬ್ಬಿ ಹಿಂತಿರುಗಿಸುವುದೊಂದೇ ಇವತ್ತು ಅವಳಿಗಿದ್ದ ಕೆಲಸ.

ಪರದೆಯ ಮೇಲೆ ಕುದುರೆಗಾಡಿಯ ಚಕ್ರ ಮುರಿಯಿತು. ಗುಡ್ಡದಾಚೆ ದರೋಡೆಕೋರರು. ಗಾಡಿಯವನು ಕುದುರೆಯೊಂದನ್ನು ಬಿಚ್ಚಿಕೊಂಡ. ಈಗ ಗಾಯಗೊಂಡ ಮುದುಕಿಯನ್ನು ಬಿಟ್ಟು ಓಡುತ್ತಾನೆ, ಅಕ್ಕನಿಗೆ ಗೊತ್ತು. ಆದರೆ ಅವನು ಹತ್ತುವ ಮೊದಲು ಹೆಗಲಿಂದ ನೀರಿನ ಚೀಲ ತೆಗೆದು, ಕಣ್ಣು ಮುಚ್ಚಿ ಮಲಗಿದ್ದ ಮುದುಕಿಯ ಕೈಗೆಟುಕುವಂತೆ ಇಟ್ಟ. ಆಮೇಲೆ ಹೋದ. ಮತ್ತೆ ಅವನು ಚಿತ್ರದಲ್ಲಿ ಬರಲೇ ಇಲ್ಲ.

ದೀಪ ಹತ್ತಿತು. ಮೇಷ್ಟ್ರು ಎದ್ದು ನಿಂತರು.

"ಚರಿತ್ರೆ ಲೆಕ್ಕದಲ್ಲಿ ಇದು ಶುದ್ಧ ಬುರುಡೆ ಕಣ್ರೀ. ಆರು ಗುಂಡಿನ ಪಿಸ್ತೂಲಲ್ಲಿ ಒಂಬತ್ತು ಸಲ ಢಂ ಅನ್ನಿಸ್ತಾನೆ. ಎಣಿಸಿದ್ದೀನಿ!"

"ಮಿಕ್ಕ ಮೂರು ನೀವು ಕೆಮ್ಮಿದ್ದು ಸರ್," ಅಂದಳು ಉಗುರು ಬಣ್ಣದ ಹುಡುಗಿ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

"ಆಯ್ತಮ್ಮ. ಗಾಡಿಯವನ ವಿಷಯ ಹೇಳಿ. ಅವನು ಹೇಡಿನೋ, ಸಹಾಯ ತರೋಕೆ ಹೋದನೋ?"

"ಹೇಡಿ," ಅಂದಳು ಅಕ್ಕ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ನೀರಿನ ಚೀಲ ಇಡೋದು ಮೊದಲು ಇರಲೇ ಇಲ್ಲ. ಆಮೇಲೆ ಸೇರಿಸಿದ್ದಾರೆ."

"ಸೇರಿಸಿಲ್ಲ."

ತಮ್ಮ ಮಾತಾಡಿದ್ದು ಮೇಷ್ಟ್ರ ಕಡೆ ನೋಡಿಕೊಂಡು. "ಎರಡನೇ ದಿನವೇ ಆ ಜಾಗದಲ್ಲಿ ಫಿಲ್ಮು ಮೆಷಿನ್ನಿಗೆ ಸಿಕ್ಕಿ ಹರೀತು. ಅಪ್ಪ ಒಂದು ಮಾರು ಕತ್ತರಿಸಿ ತೆಗೆದು ಅಂಟಿಸಿಬಿಟ್ರು. ನಾಲ್ಕು ಸೆಕೆಂಡು. ಯಾರಿಗೂ ಗೊತ್ತಾಗಲಿಲ್ಲ. ಇವತ್ತಿಂದು ಬೇರೆ ಪ್ರಿಂಟು. ಆ ತುಂಡು ನನ್ನ ಹತ್ರ ಇದೆ."

"ಅಂದ್ರೆ ಊರಿಗೆ ಊರೇ ನಲವತ್ತು ವರ್ಷ ಅವನನ್ನ ಸುಮ್ಮನೆ ಬೈದಿದೆ!" ಅಂದರು ಮೇಷ್ಟ್ರು.

"ನೀರಿಟ್ಟ ಅಂದ ಮಾತ್ರಕ್ಕೆ ಓಡಿಹೋಗಿದ್ದು ಸುಳ್ಳಾಗುತ್ತಾ ಸರ್?" ಅಂದಳು ಹುಡುಗಿ.

ಜನ ಕುರ್ಚಿ ಸರಿಸಿ ಏಳತೊಡಗಿದರು.

ಹೊರಗೆ ತಮ್ಮ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ಅಕ್ಕ ಅವನ ಮುಂದೆ ನಿಂತು ಚೀಲದಿಂದ ಡಬ್ಬಿ ತೆಗೆದಳು.

"ಇದು ನಿಂದಾ?"

"ಹ್ಞೂಂ."

"ಯಾಕೋ ಹೋದೆ?"

ಅವನು ಬೀಗದಲ್ಲೇ ಕಣ್ಣಿಟ್ಟಿದ್ದ. "ಆ ಉಸಿರು ಕೇಳೋಕಾಗ್ಲಿಲ್ಲ ಅಕ್ಕ. ಹೆದರಿಕೆ ಆಯ್ತು. ಬೇರೆ ಕಾರಣ ಏನಿಲ್ಲ." ಬೀಗ ಕಳಚುತ್ತಾ ಹೇಳಿದ: "ನೀನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನನ್ನ ಊಟ ಇಟ್ಟು ಬಂದೆ. ಚಮಚ ಹಾಕೋದು ಮರೆತೆ."

ಸಿಟ್ಟು ಬರುತ್ತದೇನೋ ಎಂದು ಅವಳು ಕಾದಳು. ಬರಲಿಲ್ಲ. ಅಳುವೂ ಬರಲಿಲ್ಲ. ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಮನೆಯ ದಾರಿ ಹಿಡಿದಳು.

ಮರುದಿನ ಮಧ್ಯಾಹ್ನ ತಮ್ಮ ತನ್ನ ಅಂಗಡಿಯಲ್ಲಿ ಹೊಲಿಗೆ ಯಂತ್ರವೊಂದನ್ನು ಬಿಚ್ಚಿ ಎಣ್ಣೆ ಬಿಡುತ್ತಿದ್ದ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದ. ಅಕ್ಕ ಒಳಗೆ ಬಂದು ಡಬ್ಬಿ ಚಾಚಿದಳು. ಅವನು ಗಾಬರಿಯಲ್ಲಿ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕೈ ತೊಳ್ಕೊಂಡು ಬಾ," ಅಂದಳು. ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಒಂದು ಬದಿಗೆ ಸರಿಸಿ ತಾನೇ ಜಾಗ ಮಾಡಿದಳು.

ಡಬ್ಬಿ ಇನ್ನೂ ಬಿಸಿಯಾಗಿತ್ತು. ಮುಚ್ಚಳದ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಒಂದು ಚಮಚ ಸಿಕ್ಕಿಸಿತ್ತು.