ಪಂಚಶೀಲಾಳ ಬೂದಿ ಕೋಟು

ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲೂ ಬೂದಿ ಬಣ್ಣದ ತುಂಬುತೋಳಿನ ಕೋಟು ತೊಟ್ಟು ಕೂರುವವಳೆಂದರೆ ನಮ್ಮ ಪಂಚಶೀಲಾ ಒಬ್ಬಳೇ. ಊರಂಚಿನ ಕಪನೂರಿನ ಪ್ರೆಸ್ಸಿನಲ್ಲಿ ಅವಳು ಕಂಪ್ಯೂಟರಿನ ಮುಂದೆ ಚಿತ್ರಗಳನ್ನು ಅಚ್ಚಿಗೆ ಅಣಿಮಾಡುತ್ತಾಳೆ. ಬೆನ್ನ ಹಿಂದೆ ನೆಲದ ಮೇಲೆ ಕೂತು ನಾನು ರಟ್ಟಿನ ಡಬ್ಬಿ ಮಡಚುತ್ತೇನೆ.

"ಸೆಕಿ ಆಗಂಗಿಲ್ಲೇನ ಮಗಳ?" ಎಂದರೆ, "ಸೀರಿ ಬಣ್ಣ ಸ್ಕ್ರೀನಿಗೆ ಬಡೀತದ ಆಯಿ. ನನ್ನ ಸೀರಿ ಮಂದಿ ಚಿತ್ರದಾಗ ಯಾಕ?" ಎನ್ನುತ್ತಾಳೆ.

ಅಚ್ಚಾದ ಹಾಳೆ ಕೈಗೆ ಬಂತೆಂದರೆ, ಟ್ಯೂಬ್‌ಲೈಟನ್ನು ನಂಬದೆ, ಎಡಗಾಲನ್ನು ತುಸು ಎಳೆಯುತ್ತ ಬಾಗಿಲ ಬಿಸಿಲಿಗೆ ನಡೆದು, ಒಂದು ಕಣ್ಣು ಮುಚ್ಚಿ, "ಹ್ಞೂಂ, ಇನ್ನಾ ಇಲ್ಲ" ಎನ್ನುವುದು ಅವಳ ವಾಡಿಕೆ. ಪರದೆಯ ಮೇಲಿನದು ಬೆಳಕು, ಕಾಗದದ ಮೇಲಿನದು ಶಾಯಿ; ಆ ಬೆಳಕಿನ ಕೆಂಪು ಶಾಯಿಗೆ ಇಳಿಯುವಾಗ ಮಂಕಾಗುತ್ತದೆಂಬುದನ್ನು ನಾನು ಕೇಳಿ ಕೇಳಿಯೇ ಕಲಿತೆ.

ಕಮಲಾಪುರದ ಕಸ್ತೂರಿಬಾಯಿ ಬೆಳೆದ ಕೆಂಪು ಬಾಳೆಹಣ್ಣು ಮೊದಲ ಸಲ ಅವಳದೇ ಚಿತ್ರವಿರುವ ಡಬ್ಬಿಯಲ್ಲಿ ಪೇಟೆಗೆ ಹೊರಡುವುದಿತ್ತು. ಗೊನೆ ಹಿಡಿದು ನಿಂತ ಚಿತ್ರ. ಮಗ ಶಿವಶರಣ ಬಂದು, "ಅವ್ವನ ಮಾರಿ ಬೆಳ್ಳಗ ಮಾಡ್ರಿ. ಎಲ್ಲಾರೂ ಮಾಡಿಸ್ತಾರ" ಎಂದ.

"ಅವ್ವಾರು ಹೇಳ್ಯಾರೇನ್ರಿ?"

"ಅಕಿಗೇನ್ ತಿಳೀತದ? ಆಗಂಗಿಲ್ಲಂದ್ರ ಬ್ಯಾರೆ ಪ್ರೆಸ್ಸಿಗೆ ಹೋಗ್ತೀನಿ."

ಮಾಲೀಕ ಖಮರುದ್ದೀನ್ ಮೆತ್ತಗೆ, "ಮಾಡಿಬಿಡು ಬೇಟಿ, ಗಿರಾಕಿ ಹೋಗ್ತದ" ಎಂದರು.

"ಮಾರಿ ಯಾರದೋ ಅವರನ್ನ ಕೇಳೂತನಾ ಅಚ್ಚಿಗೆ ಕೊಡಂಗಿಲ್ರಿ ಚಾಚಾ."

ಎರಡು ಮಾದರಿ ತೆಗೆದಳು: ಒಂದರಲ್ಲಿ ಶಿವಶರಣ ಹೇಳಿದಂತೆ ಮುಖವನ್ನಷ್ಟೇ ಬೆಳ್ಳಗೆ ಮಾಡಿದ್ದು, ಇನ್ನೊಂದು ಇದ್ದ ಹಾಗೆ. ಮರುದಿನ ಅವನ್ನು ಹಿಡಿದು ಕಮಲಾಪುರದ ಬಸ್ಸು ಹತ್ತಿದಳು, ಜೊತೆಗೆ ನಾನೂ. ತೋಟದ ಬದುವಿನ ಮೇಲೆ, ಬಿಸಿಲಿನಲ್ಲಿ, ಶಿವಶರಣನ ಎದುರಿಗೇ ಎರಡನ್ನೂ ಹಾಸಿದಳು. ಕಸ್ತೂರಿಬಾಯಿ ಬೆಳ್ಳಗಿನದನ್ನು ಬಹಳ ಹೊತ್ತು ನೋಡಿದಳು.

"ಈ ಕೈ ನಂದು. ಈ ಮಾರಿ ಯಾರದು?"

"ಕೈನೂ ಬೆಳ್ಳಗ ಮಾಡಿಸ್ತೀನಿ ಯವ್ವ."

"ಮತ್ತ ಗೊನಿ ಯಾರ್ ಕಡೀಬೇಕೋ?"

ಇನ್ನೊಂದು ಹಾಳೆಯನ್ನು ಗೊನೆಯ ಪಕ್ಕ ಹಿಡಿದು, "ಇದರಾಗ ನಾ ಅದೀನಿ. ಆದ್ರ ಹಣ್ಣಿನ ಕೆಂಪ ಸಾಲದು" ಎಂದಳು.

ಪಂಚಶೀಲಾ ಒಂದು ಕಣ್ಣು ಮುಚ್ಚಿದಳು. "ಹ್ಞೂಂ, ಇನ್ನಾ ಇಲ್ಲ."

ಶಿವಶರಣ ಗೊನೆಯಿಂದ ಒಂದು ಹಣ್ಣು ಕಿತ್ತು, ಬಣ್ಣ ಹೋಲಿಸಿ ನೋಡಲೆಂದು ಪಂಚಶೀಲಾಳ ಕೈಗಿಟ್ಟ. ಬಸ್ಸಿನ ದಾರಿಯುದ್ದಕ್ಕೂ ಅದು ಅವಳ ಕೋಟಿನ ಜೇಬಿನಲ್ಲಿತ್ತು.

ಚಂದ ಮಾಡಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಲು ಹಟ ಹಿಡಿದವರು ಮಾತ್ರ, ತಮ್ಮ ಸೀರೆಯ ಬಣ್ಣವೂ ಅಡ್ಡ ಬಾರದಂತೆ ಬೂದಿ ಕೋಟು ತೊಟ್ಟು, ಸೆಕೆಯಲ್ಲಿ ಬೆವರುತ್ತ ಕೂತಿರುತ್ತಾರೆ.